ಮೈಲ್ಸ್ ಹೋಯಿತು, ಪಿಎನ್‌ಆರ್ ಬಂತು, ಸೀಟು ಮಾತ್ರ ಕಾಣುತ್ತಿಲ್ಲ: ಈಗ ಏನು ಮಾಡಬೇಕು?

ಪ್ರಶ್ನೆ: ನಾವು ಶಿವಮೊಗ್ಗದವರು. ಮಗಳು ಶಿಕಾಗೊದಲ್ಲಿದ್ದಾಳೆ. ನವೆಂಬರ್ ಮೊದಲ ವಾರ ಅವಳ ಹೆರಿಗೆ. ಬಾಣಂತನಕ್ಕೆ ನಾನು, ನಮ್ಮ ಯಜಮಾನರು ಇಬ್ಬರೂ ಹೋಗಬೇಕು. ಬೆಂಗಳೂರಿನಲ್ಲಿರುವ ಮಗ ತನ್ನ ಕ್ರೆಡಿಟ್ ಕಾರ್ಡಿನ ಪಾಯಿಂಟ್ಸನ್ನು ಒಂದು ವಿಮಾನ ಕಂಪನಿಯ ಮೈಲ್ಸ್ ಆಗಿ ಬದಲಾಯಿಸಿದ. ಆ ಮೈಲ್ಸಿನಲ್ಲಿ ಅವರ ಪಾಲುದಾರ ಕಂಪನಿಯ ವಿಮಾನಕ್ಕೆ ಅಕ್ಟೋಬರ್ 10ಕ್ಕೆ ಎರಡು ಸೀಟು ಬುಕ್ ಮಾಡಿದ. ಯುರೋಪಿನಲ್ಲಿ ವಿಮಾನ ಬದಲಾಯಿಸಬೇಕು. ಮೈಲ್ಸ್ ಕಡಿತವಾಯಿತು, ತೆರಿಗೆಯ ಹಣ ಕಾರ್ಡಿನಿಂದ ಹೋಯಿತು, ಆರು ಅಕ್ಷರದ ಪಿಎನ್‌ಆರ್ ಕೂಡ ಬಂತು. ಹನ್ನೆರಡು ದಿನ ಬಿಟ್ಟು ಸೀಟು ಆರಿಸಿಕೊಳ್ಳಲು ಹೋದರೆ ಯುರೋಪಿನವರೆಗೆ ಸರಿ ಇದೆ, ಅಲ್ಲಿಂದ ಶಿಕಾಗೊಗೆ ಮಾತ್ರ ಸೀಟು ಖಾತ್ರಿಯಾಗಿಲ್ಲ ಎಂದು ಬರುತ್ತಿದೆ. ಮೈಲ್ಸ್ ಕಂಪನಿಗೆ ಫೋನ್ ಮಾಡಿದರೆ ‘ನಮ್ಮ ಕಡೆ ಸರಿ ಇದೆ, ವಿಮಾನದವರನ್ನು ಕೇಳಿ’ ಅನ್ನುತ್ತಾರೆ. ವಿಮಾನದವರು ‘ಟಿಕೆಟ್ ಕೊಟ್ಟವರನ್ನು ಕೇಳಿ’ ಅನ್ನುತ್ತಾರೆ. ನಮ್ಮಿಂದ ಏನಾದರೂ ತಪ್ಪಾಗಿದೆಯೇ? ಕ್ಯಾನ್ಸಲ್ ಮಾಡಿ ಮತ್ತೆ ಬುಕ್ ಮಾಡಬಹುದೇ? ಮಗಳಿಗೆ ಇನ್ನೂ ಹೇಳಿಲ್ಲ, ಗಾಬರಿಯಾಗುತ್ತಾಳೆ.

ಉತ್ತರ: ಅಮ್ಮಾ, ನಿಮ್ಮ ಮೈಲ್ಸ್ ಮುಳುಗಿ ಹೋಗಿಲ್ಲ. ತಪ್ಪು ನಿಮ್ಮದಲ್ಲ, ಮಗನದೂ ಅಲ್ಲ. ಇನ್ನೂ ಎರಡೂವರೆ ತಿಂಗಳು ಸಮಯ ಇದೆ. ಆದರೆ ಒಂದು ಕೆಲಸ ಮಾತ್ರ ಮಾಡಬೇಡಿ. ಕ್ಯಾನ್ಸಲ್ ಬಟನ್ ಒತ್ತಬೇಡಿ. ‘ಬದಲಾವಣೆ ಒಪ್ಪಿದ್ದೇನೆ’ ಎಂಬ ಬಟನ್ ಕಾಣಿಸಿದರೆ ಅದನ್ನೂ ಮುಟ್ಟಬೇಡಿ. ಇವತ್ತೇ ಮಗನಿಗೂ ಇದನ್ನು ಹೇಳಿಬಿಡಿ.

ಯಾಕೆ ಗೊತ್ತಾ? ನೀವೇ ಕ್ಯಾನ್ಸಲ್ ಮಾಡಿದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ನಿಮ್ಮ ಇಷ್ಟದಿಂದ ಆದ ರದ್ದು. ಅದಕ್ಕೆ ಶುಲ್ಕ ಬೀಳಬಹುದು. ಈಗ ಸರಿಯಾಗಿರುವ ಬೆಂಗಳೂರಿನ ಸೀಟೂ ಕೈತಪ್ಪುತ್ತದೆ. ಮೈಲ್ಸ್ ಮಗನ ಖಾತೆಗೆ ವಾಪಸ್ ಬರಬಹುದು. ಆದರೆ ಅಲ್ಲಿಂದ ಮತ್ತೆ ಬ್ಯಾಂಕಿನ ಪಾಯಿಂಟ್ಸ್ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈಗ ನೀವು ‘ತಪ್ಪು ನಿಮ್ಮದು, ನೀವೇ ಸರಿಪಡಿಸಿ’ ಎಂದು ಕೇಳುವ ಜಾಗದಲ್ಲಿದ್ದೀರಿ. ಕ್ಯಾನ್ಸಲ್ ಒತ್ತಿದ ಕ್ಷಣ ಆ ಜಾಗ ಹೋಗುತ್ತದೆ.

ಇನ್ನು ಆಗಿರುವುದು ಏನು ಅಂತ ನೋಡೋಣ. ರೈಲಿನಲ್ಲಿ ಪಿಎನ್‌ಆರ್ ಇದ್ದರೂ ಸೀಟು ಖಾತ್ರಿಯೋ ವೇಟಿಂಗ್ ಲಿಸ್ಟೋ ಎಂದು ನಾವು ಬೇರೆಯಾಗಿಯೇ ನೋಡುತ್ತೇವೆ, ಅಲ್ವಾ? ವಿಮಾನದಲ್ಲೂ ಪಿಎನ್‌ಆರ್ ಬಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ಪಿಎನ್‌ಆರ್ ಅಂದರೆ ಬರೀ ಬುಕಿಂಗ್. ಟಿಕೆಟ್ ಅನ್ನುವುದು ಬೇರೆ, ಅದಕ್ಕೆ ಹದಿಮೂರು ಅಂಕಿಯ ನಂಬರ್ ಇರುತ್ತದೆ. ಒಬ್ಬೊಬ್ಬರಿಗೂ ಒಂದೊಂದು ನಂಬರ್. ಅದರ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. ಏರ್ ಇಂಡಿಯಾದ್ದು 098, ಸಿಂಗಪುರ ಏರ್‌ಲೈನ್ಸ್‌ದು 618, ಯುನೈಟೆಡ್‌ದು 016, ಲುಫ್ತಾನ್ಸಾದ್ದು 220. ಯಾವ ವಿಮಾನ ಹತ್ತುತ್ತೀರಿ ಎನ್ನುವುದಕ್ಕೂ ಈ ಮೂರು ಅಂಕಿಗೂ ಸಂಬಂಧ ಇರಬೇಕಾಗಿಲ್ಲ. ಮೈಲ್ಸ್ ಟಿಕೆಟ್‌ನಲ್ಲಿ ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು. ನಿಮ್ಮನ್ನು ಇಬ್ಬರೂ ಚೆಂಡಿನ ಹಾಗೆ ಆ ಕಡೆ ಈ ಕಡೆ ಎಸೆಯುತ್ತಿರುವುದು ಇದೇ ಕಾರಣಕ್ಕೆ. ಆ ಮೂರು ಅಂಕಿ ಯಾರದ್ದೋ, ಟಿಕೆಟ್ ಸರಿಪಡಿಸುವ ಹೊಣೆ ಅವರದ್ದು. ಅಂದರೆ ನಿಮ್ಮ ವಿಷಯದಲ್ಲಿ ಮೈಲ್ಸ್ ಕಂಪನಿಯದ್ದು. ನಿಮ್ಮ ಪತ್ರದಲ್ಲಿ ಎರಡೂ ಕಂಪನಿಗಳ ಹೆಸರಿತ್ತು, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಇದು ಯಾವ ಕಂಪನಿಯಲ್ಲಿ ಬೇಕಾದರೂ ಆಗುತ್ತದೆ.

ಮಗ ಬುಕ್ ಮಾಡಿದಾಗ ಮೈಲ್ಸ್ ಕಂಪನಿಯ ಕಂಪ್ಯೂಟರ್ ವಿಮಾನ ಕಂಪನಿಯ ಕಂಪ್ಯೂಟರಿಗೆ ‘ಈ ಎರಡು ಸೀಟು ಕೊಡಿ’ ಎಂದು ಸಂದೇಶ ಕಳಿಸುತ್ತದೆ. ಅಲ್ಲಿಂದ ಎರಡಕ್ಷರದ ಉತ್ತರ ಬರುತ್ತದೆ. ಎಚ್‌ಕೆ ಅಂದರೆ ಖಾತ್ರಿ. ಯುಎನ್ ಅಥವಾ ಯುಸಿ ಅಂದರೆ ಸೀಟು ಇಲ್ಲ. ಎಚ್‌ಎಲ್ ಅಂದರೆ ವೇಟಿಂಗ್ ಲಿಸ್ಟ್. ಟಿಕೆ ಅಂದರೆ ಸಮಯ ಬದಲಾಗಿದೆ, ಹೊಸ ಸಮಯಕ್ಕೆ ಸೀಟು ಇದೆ. ಈ ಉತ್ತರ ಬರುವುದು ತಡವಾದರೆ, ಅಥವಾ ಒಂದು ಕಡೆ ಬರೆದುಕೊಂಡದ್ದು ಇನ್ನೊಂದು ಕಡೆ ತಲುಪದಿದ್ದರೆ, ಒಬ್ಬರ ಪರದೆಯಲ್ಲಿ ಸೀಟು ಕಾಣುತ್ತದೆ, ಇನ್ನೊಬ್ಬರ ಪರದೆಯಲ್ಲಿ ಕಾಣುವುದಿಲ್ಲ. ನಿಮಗೆ ಫೋನಿನಲ್ಲಿ ಉತ್ತರ ಕೊಟ್ಟ ಇಬ್ಬರೂ ಸುಳ್ಳು ಹೇಳಿಲ್ಲ. ಅವರವರಿಗೆ ಕಂಡದ್ದನ್ನು ಹೇಳಿದ್ದಾರೆ.

ಹಾಗಾದರೆ ನಿಮ್ಮ ಎರಡನೇ ವಿಮಾನಕ್ಕೆ ಏನಾಯಿತು? ಎರಡು ಸಾಧ್ಯತೆ ಇವೆ. ಒಂದು, ಆ ಸೀಟು ಮೊದಲಿನಿಂದಲೂ ಇರಲೇ ಇಲ್ಲ. ವೆಬ್‌ಸೈಟ್ ಹಳೆಯ ಮಾಹಿತಿ ಇಟ್ಟುಕೊಂಡು ಖಾಲಿ ಸೀಟು ಎಂದು ತೋರಿಸಿತು. ನಮ್ಮ ಟಿಕೆಟಿಂಗ್ ಕಸುಬಿನಲ್ಲಿ ಇದಕ್ಕೆ ಭೂತದ ಸೀಟು ಅನ್ನುತ್ತೇವೆ. ಎರಡು, ಸೀಟು ಇತ್ತು, ಆಮೇಲೆ ವಿಮಾನ ಕಂಪನಿ ಸಮಯ ಬದಲಾಯಿಸಿತು ಅಥವಾ ಆ ವಿಮಾನವನ್ನೇ ತೆಗೆದುಹಾಕಿತು. ಮಗನ ಇಮೇಲಿನಲ್ಲಿ, ಸ್ಪ್ಯಾಮ್ ಫೋಲ್ಡರಿನಲ್ಲೂ, ಸಮಯ ಬದಲಾವಣೆಯ ಪತ್ರ ಬಂದಿದೆಯಾ ಎಂದು ಹುಡುಕಲು ಹೇಳಿ. ಬಂದಿದ್ದರೆ ನಿಮ್ಮ ಕೆಲಸ ಅರ್ಧ ಸುಲಭ. ಬದಲಾಯಿಸಿದವರು ಅವರು, ಬೇರೆ ಸೀಟು ಹುಡುಕಿ ಕೊಡಬೇಕಾದವರೂ ಅವರೇ. ಭೂತದ ಸೀಟಾಗಿದ್ದರೆ ಸ್ವಲ್ಪ ಕಷ್ಟ. ಇಲ್ಲದ ಸೀಟನ್ನು ಯಾರೂ ಹುಟ್ಟಿಸಲಾರರು. ಆದರೆ ಅಲ್ಲೂ ಕೇಳಲು ದಾರಿ ಇದೆ.

ಫೋನ್ ಮಾಡುವ ಮೊದಲು ಒಂದು ಅರ್ಧ ಗಂಟೆ ಕಾಗದಪತ್ರಕ್ಕೆ ಕೊಡಿ. ಬುಕಿಂಗ್ ಇಮೇಲ್, ಮೈಲ್ಸ್ ಕಡಿತವಾದ ಪುಟ, ಕಾರ್ಡಿನಿಂದ ಹಣ ಹೋದ ಸಂದೇಶ, ಈಗ ಕಾಣುತ್ತಿರುವ ತೊಂದರೆಯ ಪುಟ, ಎಲ್ಲದಕ್ಕೂ ಮಗ ಸ್ಕ್ರೀನ್‌ಶಾಟ್ ತೆಗೆದಿಡಲಿ. ಹದಿಮೂರು ಅಂಕಿಯ ನಂಬರ್ ಎರಡೂ ಇವೆಯಾ ನೋಡಲಿ. ಇಮೇಲಿನಲ್ಲಿ ಆ ನಂಬರೇ ಇಲ್ಲದಿದ್ದರೆ ಟಿಕೆಟ್ ಇನ್ನೂ ಆಗಿಲ್ಲದೆ ಇರಬಹುದು. ಆಗ ತಡ ಮಾಡಲೇಬಾರದು. ಟಿಕೆಟ್ ಇಲ್ಲದ ಬುಕಿಂಗನ್ನು ಗಡುವು ಮುಗಿದ ಮೇಲೆ ಕಂಪ್ಯೂಟರ್ ತಾನಾಗಿಯೇ ಅಳಿಸುತ್ತದೆ.

ಮೊದಲ ಫೋನ್ ವಿಮಾನ ಕಂಪನಿಗೆ. ದೂರು ಬೇಡ, ಕಥೆ ಬೇಡ. ಮೂರೇ ಪ್ರಶ್ನೆ. ನಿಮ್ಮಲ್ಲಿ ಇದೇ ಬುಕಿಂಗಿನ ಪಿಎನ್‌ಆರ್ ಯಾವುದು? ಎರಡನೇ ಸೆಗ್ಮೆಂಟಿನ, ಅಂದರೆ ಯುರೋಪಿನಿಂದ ಶಿಕಾಗೊಗೆ ಹೋಗುವ ವಿಮಾನದ, ಸ್ಟೇಟಸ್ ಏನು? ಅದರ ಎದುರು ಟಿಕೆಟ್ ನಂಬರ್ ಕಾಣುತ್ತಿದೆಯಾ? ಮೈಲ್ಸ್ ಕಂಪನಿ ಕೊಟ್ಟ ಆರು ಅಕ್ಷರ ಮತ್ತು ವಿಮಾನ ಕಂಪನಿಯ ಆರು ಅಕ್ಷರ ಬೇರೆ ಬೇರೆ ಇರಬಹುದು. ಎರಡನ್ನೂ ಬರೆದಿಟ್ಟುಕೊಳ್ಳಿ. ಇದು ಐದು ನಿಮಿಷದ ಮಾತು. ಆದರೆ ಈ ಮೂರು ಉತ್ತರ ಕೈಯಲ್ಲಿದ್ದರೆ ಮುಂದಿನ ಫೋನಿನಲ್ಲಿ ನಿಮ್ಮನ್ನು ಯಾರೂ ಸುಮ್ನೆ ಸಾಗಹಾಕಲಾರರು.

ಎರಡನೇ ಫೋನ್ ಮೈಲ್ಸ್ ಕಂಪನಿಗೆ. ಇದನ್ನು ಮಗನೇ ಮಾಡಬೇಕು. ಮೈಲ್ಸ್ ಖಾತೆ ಯಾರ ಹೆಸರಿನಲ್ಲಿದೆಯೋ ಅವರೊಂದಿಗೆ ಮಾತ್ರ ಮಾತಾಡುತ್ತಾರೆ. ‘ನಮ್ಮ ಟಿಕೆಟ್ ಏನಾಯಿತು’ ಎಂದು ಕೇಳಿದರೆ ‘ಕನ್ಫರ್ಮ್ ಆಗಿದೆ ಸರ್’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ಹೀಗೆ ಹೇಳಲಿ: ‘ವಿಮಾನ ಕಂಪನಿಯ ಪಿಎನ್‌ಆರ್‌ನಲ್ಲಿ ಎರಡನೇ ಸೆಗ್ಮೆಂಟ್ ಎಚ್‌ಕೆ ಇಲ್ಲ. ದಯವಿಟ್ಟು ಟಿಕೆಟಿಂಗ್ ಡೆಸ್ಕಿಗೆ ಕೊಡಿ. ಅವರು ವಿಮಾನ ಕಂಪನಿಯನ್ನು ನೇರವಾಗಿ ಸಂಪರ್ಕಿಸಿ ಸೀಟು ಕೇಳಲಿ.’ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದಲ್ಲಿ ಮೈಲ್ಸ್ ಸೀಟಿಗೆ ಎಕಾನಮಿಯಲ್ಲಿ ಎಕ್ಸ್, ಬಿಸಿನೆಸ್‌ನಲ್ಲಿ ಐ ಎಂಬ ಅಕ್ಷರ ಬಳಸುತ್ತಾರೆ. ನಿಮ್ಮದು ಆ ಕೂಟದ ಟಿಕೆಟ್ ಆಗಿದ್ದರೆ ‘ಎಕ್ಸ್ ಕ್ಲಾಸಿನಲ್ಲಿ ಎರಡು ಸೀಟು ಬಿಡಲು ಕೇಳಿ’ ಎಂದರೆ ಆ ಕಡೆಯವರಿಗೆ ತಕ್ಷಣ ಅರ್ಥವಾಗುತ್ತದೆ.

ಕೇಳುವಾಗ ಒಂದು ಸೀಟಿಗೇ ಅಂಟಿಕೊಳ್ಳಬೇಡಿ. ಮೊದಲು ಅದೇ ವಿಮಾನ. ಆಗದಿದ್ದರೆ ಅದೇ ದಿನದ ಇನ್ನೊಂದು ವಿಮಾನ. ಅದೂ ಇಲ್ಲದಿದ್ದರೆ ಹಿಂದಿನ ಅಥವಾ ಮುಂದಿನ ದಿನ. ಆಮೇಲೆ ಯುರೋಪಿನ ಬೇರೆ ಊರಿನ ಮೂಲಕ, ಬೇರೆ ಪಾಲುದಾರರ ವಿಮಾನ. ಫೋನ್ ಮಾಡುವ ಮೊದಲೇ ಮಗ ಈ ನಾಲ್ಕನ್ನೂ ವೆಬ್‌ಸೈಟಿನಲ್ಲಿ ಹುಡುಕಿ, ವಿಮಾನದ ನಂಬರ್, ತಾರೀಕು ಬರೆದಿಟ್ಟುಕೊಂಡಿರಲಿ. ಕಾಲ್ ಸೆಂಟರಿನವರು ನಿಮಗಾಗಿ ಹುಡುಕುತ್ತಾ ಕೂರುವುದಿಲ್ಲ. ನೀವೇ ಹುಡುಕಿ ಕೊಟ್ಟರೆ ಹಾಕಿಕೊಡುತ್ತಾರೆ.

ಮೊದಲ ಸಲ ಮಾತಾಡಿದವರಿಗೆ ವಿಷಯ ಅರ್ಥವಾಗದಿದ್ದರೆ ಧನ್ಯವಾದ ಹೇಳಿ ಫೋನ್ ಇಟ್ಟು ಮತ್ತೆ ಮಾಡಿ. ಬೇರೆಯವರು ಸಿಗುತ್ತಾರೆ. ಮೂರನೇ ಸಲಕ್ಕೆ ಗೊತ್ತಿರುವವರು ಸಿಕ್ಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜಗಳ ಬೇಡ. ಆ ಕಡೆ ಕೂತಿರುವ ಹುಡುಗ ಅಥವಾ ಹುಡುಗಿ ಈ ತಪ್ಪು ಮಾಡಿದವರಲ್ಲ. ಆದರೆ ಪ್ರತಿ ಫೋನಿನ ಕೊನೆಗೆ ‘ನಾವು ಮಾತಾಡಿದ್ದನ್ನು ಬುಕಿಂಗಿನ ರಿಮಾರ್ಕ್ಸ್‌ನಲ್ಲಿ ಬರೆಯಿರಿ’ ಎಂದು ಕೇಳಿ. ದಿನ, ಗಂಟೆ, ಅವರ ಹೆಸರು ನಿಮ್ಮ ಡೈರಿಯಲ್ಲೂ ಇರಲಿ. ಅದೇ ದಿನ ಇಮೇಲೂ ಮಾಡಿ. ಉದ್ದ ಬೇಡ. ಯಾವತ್ತು ಬುಕ್ ಮಾಡಿದ್ದು, ಎಷ್ಟು ಮೈಲ್ಸ್ ತೆಗೆದುಕೊಂಡಿದ್ದೀರಿ, ಈಗ ಏನು ಕಾಣುತ್ತಿದೆ, ನಮಗೆ ಏನು ಬೇಕು. ನಾಲ್ಕು ಸಾಲು ಸಾಕು.

ಇಲ್ಲಿ ಒಂದು ಎಚ್ಚರಿಕೆ. ಕಂಪನಿಯ ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಫೋನ್ ಮಾಡಬೇಡಿ. ನಕಲಿ ಕಸ್ಟಮರ್ ಕೇರ್ ನಂಬರುಗಳು ಬೇಕಾದಷ್ಟಿವೆ. ಕಂಪನಿಯ ಸ್ವಂತ ಆ್ಯಪಿನಲ್ಲಿ ಅಥವಾ ಬುಕಿಂಗ್ ಇಮೇಲಿನಲ್ಲಿ ಇರುವ ನಂಬರೇ ಬಳಸಿ. ‘ಸೀಟು ಸರಿಮಾಡಲು ಒಟಿಪಿ ಹೇಳಿ’, ‘ಈ ಆ್ಯಪ್ ಹಾಕಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಅಲ್ಲೇ ಫೋನ್ ಇಡಿ. ಹಣ ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಿಟ್ಟಿನಲ್ಲಿ ಪಿಎನ್‌ಆರ್ ಇರುವ ಸ್ಕ್ರೀನ್‌ಶಾಟನ್ನು ಫೇಸ್‌ಬುಕ್, ಎಕ್ಸ್‌ನಲ್ಲಿ ಹಾಕಲೂಬೇಡಿ. ಆ ಆರು ಅಕ್ಷರ ಮತ್ತು ಹೆಸರು ಗೊತ್ತಿದ್ದರೆ ಯಾರು ಬೇಕಾದರೂ ನಿಮ್ಮ ಬುಕಿಂಗಿನೊಳಗೆ ಹೋಗಬಹುದು.

ಮಗನಿಗೆ ಒಂದು ಯೋಚನೆ ಬಂದೇ ಬರುತ್ತದೆ: ‘ಯುರೋಪಿನವರೆಗೆ ಸೀಟು ಇದೆಯಲ್ಲ, ಅಲ್ಲಿಂದ ಶಿಕಾಗೊಗೆ ಬೇರೆ ಟಿಕೆಟ್ ದುಡ್ಡು ಕೊಟ್ಟು ತಗೊಂಡುಬಿಡೋಣ.’ ದಯವಿಟ್ಟು ಬೇಡ. ಒಂದೇ ಟಿಕೆಟ್ ಇದ್ದರೆ ಲಗೇಜ್ ಬೆಂಗಳೂರಿನಲ್ಲಿ ಕೊಟ್ಟರೆ ಶಿಕಾಗೊದಲ್ಲೇ ಸಿಗುತ್ತದೆ. ಎರಡು ಬೇರೆ ಟಿಕೆಟ್ ಆದರೆ ಯುರೋಪಿನಲ್ಲಿ ಲಗೇಜ್ ಬಿಡಿಸಿಕೊಂಡು ಮತ್ತೆ ಕೊಡಬೇಕಾಗಿ ಬರಬಹುದು. ಅದಕ್ಕೆ ಇಮಿಗ್ರೇಶನ್ ದಾಟಿ ಹೊರಗೆ ಬರಬೇಕು, ಹೊರಗೆ ಬರಲು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ, ಬೇಕು. ನಿಮ್ಮ ಬಳಿ ಇರುವುದು ಅಮೆರಿಕದ ವೀಸಾ. ವಿಮಾನ ನಿಲ್ದಾಣದ ಒಳಗೇ ಇದ್ದು ಇನ್ನೊಂದು ವಿಮಾನ ಹತ್ತಲು ಅದು ಸಾಕು, ಹೊರಗೆ ಬರಲು ಸಾಲದು. ಜೊತೆಗೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಯಾರೂ ಜವಾಬ್ದಾರರಲ್ಲ. ಉಪ್ಪಿನಕಾಯಿ, ಅಂಟಿನುಂಡೆ ತುಂಬಿದ ನಾಲ್ಕು ಪೆಟ್ಟಿಗೆ ಇಟ್ಟುಕೊಂಡು ಗೊತ್ತಿಲ್ಲದ ಊರಿನಲ್ಲಿ ನೀವಿಬ್ಬರೇ ನಿಲ್ಲುವುದು ನನಗೆ ಇಷ್ಟವಿಲ್ಲ.

ಕಾನೂನಿನ ಮಾತಿಗೆ ಬರೋಣ. ‘ಯುರೋಪಿನ ಕಾನೂನಿದೆ, 600 ಯುರೋ ಪರಿಹಾರ ಸಿಗುತ್ತದೆ’ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಆ ಕಾನೂನು ಇರುವುದು ನಿಜ, 261/2004 ಎಂಬ ನಿಯಮ. ಮೈಲ್ಸ್ ಕೊಟ್ಟು ತೆಗೆದುಕೊಂಡ ಟಿಕೆಟಿಗೂ ಅದು ಅನ್ವಯವಾಗುತ್ತದೆ ಎಂದು ಅದರಲ್ಲೇ ಬರೆದಿದೆ. ಆದರೆ ನಿಮ್ಮ ಪ್ರಯಾಣಕ್ಕೆ ಅದು ಸಿಗುವುದಿಲ್ಲ. ಹೊರಡುವ ಊರೂ ಕೊನೆಗೆ ತಲುಪುವ ಊರೂ ಯುರೋಪಿನ ಆಚೆ ಇದ್ದು, ನಡುವೆ ವಿಮಾನ ಬದಲಾಯಿಸುವುದಷ್ಟೇ ಯುರೋಪಿನಲ್ಲಿ ಆದರೆ, ಒಂದೇ ಬುಕಿಂಗಿಗೆ ಈ ನಿಯಮ ಅನ್ವಯಿಸದು ಎಂದು ಯುರೋಪಿನ ನ್ಯಾಯಾಲಯ 2022ರಲ್ಲಿ ಹೇಳಿದೆ. ಮೊಲ್ಡೋವಾದ ಕಿಶಿನೌನಿಂದ ವಿಯೆನ್ನಾ ಮೂಲಕ ಬ್ಯಾಂಕಾಕ್‌ಗೆ ಹೋಗುತ್ತಿದ್ದವರ ಪ್ರಕರಣ ಅದು. ನಿಮ್ಮ ಮಗಳು ಜರ್ಮನಿಯಲ್ಲಿದ್ದು ನೀವು ಯುರೋಪಿನ ಕಂಪನಿಯ ವಿಮಾನದಲ್ಲಿ ಹೋಗುವುದಾಗಿದ್ದರೆ ಮಾತು ಬೇರೆ ಇತ್ತು. ಆಗಲೂ ಹದಿನಾಲ್ಕು ದಿನಕ್ಕಿಂತ ಮುಂಚೆಯೇ ರದ್ದು ತಿಳಿಸಿದರೆ ಪರಿಹಾರದ ಹಣ ಇಲ್ಲ, ಬೇರೆ ವಿಮಾನ ಅಥವಾ ರೀಫಂಡ್ ಮಾತ್ರ.

ನಿಮಗೆ ನಿಜವಾಗಿ ಉಪಯೋಗವಾಗುವುದು ಅಮೆರಿಕದ ಸಾರಿಗೆ ಇಲಾಖೆಯ ನಿಯಮ. ಅಮೆರಿಕಕ್ಕೆ ಹೋಗುವ ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ, ಅಥವಾ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬದಲಾಯಿಸಿದರೆ, ನೀವು ಆ ಬದಲಾವಣೆ ಒಪ್ಪದಿದ್ದಾಗ ಪೂರ್ತಿ ವಾಪಸ್ ಕೊಡಬೇಕು. ಹಣ ಕೊಟ್ಟಿದ್ದರೆ ಹಣ, ಮೈಲ್ಸ್ ಕೊಟ್ಟಿದ್ದರೆ ಮೈಲ್ಸ್. ಶುಲ್ಕ ಹಿಡಿಯುವ ಹಾಗಿಲ್ಲ. ‘ಒಪ್ಪಿದ್ದೇನೆ’ ಬಟನ್ ಮುಟ್ಟಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ನಮ್ಮ ದೇಶದಲ್ಲಿ ವಿಮಾನ ಪ್ರಯಾಣದ ದೂರಿಗೆ ಸರ್ಕಾರದ ಏರ್‌ಸೇವಾ ಪೋರ್ಟಲ್ ಇದೆ, ಗ್ರಾಹಕ ಸಹಾಯವಾಣಿ 1915 ಇದೆ. ಕೊನೆಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. 2019ರ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಇವೆಲ್ಲ ನಿಧಾನ. ಅಕ್ಟೋಬರ್ ಹತ್ತಕ್ಕೆ ನಿಮ್ಮನ್ನು ವಿಮಾನ ಹತ್ತಿಸುವುದು ದೂರಲ್ಲ, ಫೋನು. ದೂರನ್ನು ಹಣ, ಮೈಲ್ಸ್ ವಾಪಸ್ ಬರದಿದ್ದಾಗ ಬಳಸಿ.

ಯಾವ ಸೀಟೂ ಸಿಗಲಿಲ್ಲ ಅಂದುಕೊಳ್ಳಿ. ಆಗ ಶುಲ್ಕವಿಲ್ಲದೆ ರದ್ದು ಮಾಡಿ, ಎಲ್ಲ ಮೈಲ್ಸ್ ಮತ್ತು ತೆರಿಗೆ ವಾಪಸ್ ಕೊಡಿ ಎಂದು ಕೇಳಬೇಕು. ಮೈಲ್ಸಿನ ಅವಧಿ ಮುಗಿಯುತ್ತಾ ಬಂದಿದ್ದರೆ ಅದನ್ನೂ ವಿಸ್ತರಿಸಲು ಕೇಳಿ. ಕೆಲವು ಕಂಪನಿಗಳಲ್ಲಿ ಮೈಲ್ಸಿಗೆ ಮೂರೇ ವರ್ಷದ ಆಯಸ್ಸು. ಈ ದಾರಿಗೆ ಒಂದು ಗಡುವು ಇಟ್ಟುಕೊಳ್ಳಿ. ನನ್ನ ಸಲಹೆ ಸೆಪ್ಟೆಂಬರ್ ಮೊದಲ ವಾರ. ಅಷ್ಟರೊಳಗೆ ಆಗದಿದ್ದರೆ ದುಡ್ಡು ಕೊಟ್ಟಾದರೂ ಪೂರ್ತಿ ಹೊಸ ಟಿಕೆಟ್ ತೆಗೆದುಕೊಳ್ಳಿ. ಮೈಲ್ಸ್ ಇನ್ನೊಂದು ಸಲಕ್ಕೆ ಬರುತ್ತದೆ, ಬಾಣಂತನ ಮುಂದಕ್ಕೆ ಹಾಕಲು ಆಗುವುದಿಲ್ಲ. ಇನ್ನೊಂದು ಸಲ ಬುಕ್ ಮಾಡುವಾಗ ಅದೇ ಸೀಟು ಅದೇ ಕೂಟದ ಇನ್ನೊಂದು ಕಂಪನಿಯ ವೆಬ್‌ಸೈಟಿನಲ್ಲೂ ಕಾಣುತ್ತದೆಯಾ ಎಂದು ನೋಡಿಯೇ ಬ್ಯಾಂಕಿನ ಪಾಯಿಂಟ್ಸ್ ಕಳಿಸಲು ಮಗನಿಗೆ ಹೇಳಿ. ಎರಡು ಕಡೆ ಕಂಡರೆ ಭೂತದ ಸೀಟು ಆಗಿರುವುದು ಕಡಿಮೆ.

ಸೀಟು ಸಿಕ್ಕಿತು ಎಂದು ಫೋನಿನಲ್ಲಿ ಹೇಳಿದ ಮೇಲೂ ಕೆಲಸ ಉಳಿದಿರುತ್ತದೆ. ಬುಕಿಂಗಿನಲ್ಲಿ ವಿಮಾನ ಬದಲಾದರೆ ಟಿಕೆಟನ್ನೂ ಅದಕ್ಕೆ ತಕ್ಕಂತೆ ರೀಇಶ್ಯೂ ಮಾಡಬೇಕು, ಅಂದರೆ ಹೊಸದಾಗಿ ಕೊಡಬೇಕು. ಇದನ್ನು ಮರೆಯುವುದೇ ಅತಿ ದೊಡ್ಡ ಅನಾಹುತ. ನಾನು ಟಿಕೆಟಿಂಗ್ ಕೆಲಸದಲ್ಲಿದ್ದಾಗ ರಾತ್ರಿ ಒಂದು ಗಂಟೆಗೆ ಚೆಕ್-ಇನ್ ಕೌಂಟರ್ ಮುಂದೆ ನಿಂತ ವಯಸ್ಸಾದ ದಂಪತಿಯನ್ನು ನೋಡಿದ್ದೇನೆ. ಬುಕಿಂಗ್ ಇದೆ, ಹೆಸರಿದೆ, ಹೊಸ ವಿಮಾನವೂ ಇದೆ. ಟಿಕೆಟ್ ಮಾತ್ರ ಹಳೆಯ ವಿಮಾನದ್ದು. ಆ ಹೊತ್ತಿನಲ್ಲಿ ಅದನ್ನು ಸರಿಮಾಡುವವರು ಯಾರೂ ಫೋನ್ ಎತ್ತಲಿಲ್ಲ. ಅವರ ಮುಖ ನನಗೆ ಇನ್ನೂ ನೆನಪಿದೆ. ಆದ್ದರಿಂದ ಹೊಸ ಇಮೇಲ್ ಬಂದ ಕೂಡಲೇ ಹದಿಮೂರು ಅಂಕಿಯ ನಂಬರ್ ಹಿಡಿದು ವಿಮಾನ ಕಂಪನಿಗೆ ಇನ್ನೊಂದು ಫೋನ್ ಮಾಡಿ. ‘ಎರಡೂ ಸೆಗ್ಮೆಂಟ್ ಎಚ್‌ಕೆ ಇದೆಯಾ? ಟಿಕೆಟಿನಲ್ಲಿ ಇದೇ ವಿಮಾನ, ಇದೇ ತಾರೀಕು ಇದೆಯಾ?’ ಎಂದು ಇಬ್ಬರದ್ದೂ ಕೇಳಿ. ಹೊರಡುವ ಮೂರು ದಿನ ಮುಂಚೆ ಮತ್ತೊಮ್ಮೆ.

ಹಾಗೆಯೇ, ರೀಇಶ್ಯೂ ಆದಾಗ ವ್ಹೀಲ್‌ಚೇರ್, ಸಸ್ಯಾಹಾರಿ ಊಟ, ಆರಿಸಿಕೊಂಡ ಸೀಟು ಇವೆಲ್ಲ ಬಿದ್ದುಹೋಗಬಹುದು. ಹಾಗಾದರೆ ಮತ್ತೆ ಹಾಕಿಸಬೇಕು. ಹೆಸರನ್ನೂ ನೋಡಿಬಿಡಿ. ನಮ್ಮ ಕಡೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು, ಊರಿನ ಹೆಸರು ಇನಿಷಿಯಲ್ ಆಗಿರುವವರು ಜಾಸ್ತಿ. ಟಿಕೆಟಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಆಗಿದ್ದರೆ ಈ ಫೋನಿನಲ್ಲೇ ಹೇಳಿ ಸರಿಮಾಡಿಸಿ. ಆದರೆ ‘ಹೆಸರು ಸರಿಮಾಡಲು ಕ್ಯಾನ್ಸಲ್ ಮಾಡಿ ಮತ್ತೆ ಬುಕ್ ಮಾಡುತ್ತೇವೆ’ ಅಂದರೆ ಒಪ್ಪಬೇಡಿ. ಮೇಲಿನವರಿಗೆ ಕೊಡಿ ಎಂದು ಕೇಳಿ.

ಇನ್ನು ಮಗಳಿಗೆ ಹೇಳಬೇಕೋ ಬೇಡವೋ ಅಂದಿರಿ. ಇವತ್ತೇ ಹೇಳಿ. ಟಿಕೆಟಿಂಗ್ ಡೆಸ್ಕಿನವರು ‘ಹತ್ತಕ್ಕೆ ಇಲ್ಲ, ಎಂಟಕ್ಕೆ ಇದೆ, ಇಲ್ಲದಿದ್ದರೆ ಹದಿನಾಲ್ಕಕ್ಕೆ. ಯಾವುದು ಬೇಕು?’ ಎಂದು ಕೇಳುತ್ತಾರೆ. ಆಗ ‘ಯೋಚಿಸಿ ಹೇಳುತ್ತೇನೆ’ ಎಂದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಯಾವ ದಿನದಿಂದ ಯಾವ ದಿನದೊಳಗೆ ನೀವು ಬಂದರೆ ಅವಳಿಗೆ ಅನುಕೂಲ, ಆಸ್ಪತ್ರೆಯ ದಿನ ಯಾವುದು, ನಿಮ್ಮನ್ನು ಕರೆದುಕೊಂಡು ಹೋಗಲು ಅಳಿಯಂದಿರಿಗೆ ಯಾವತ್ತು ಆಗುತ್ತದೆ, ಇದೆಲ್ಲ ಅವಳಿಗೆ ಮಾತ್ರ ಗೊತ್ತು. ಆ ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದು ಮಗನ ಕೈಗೆ ಕೊಟ್ಟು, ಆಮೇಲೆ ಫೋನ್ ಮಾಡಿಸಿ.